ಸೀಮೋನನ ಅತ್ತೆಯ ಜ್ವರ

ನನಗೀಗ ನಗೆಯ ಕಥೆ ಕೇಳಿದರೆ ಸುಸ್ತಾಗುತ್ತದೆ. ಹೇಳಿದರೆ ಇನ್ನೂ ಸುಸ್ತು. ಹೋದ ತಿಂಗಳು ಹೊಳಲ್ಕೆರೆಯಲ್ಲಿ ಒಂದು ಮದುವೆಯ ಊಟಕ್ಕೆ ಕೂತಿದ್ದೆ. ಎದುರಿನ ಸಾಲಿನಲ್ಲಿದ್ದ, ಹೆಚ್ಚುಕಡಿಮೆ ನನ್ನದೇ ವಯಸ್ಸಿನ ಗಂಡಸೊಬ್ಬರು ಕೈಯಲ್ಲಿದ್ದ ಹಪ್ಪಳವನ್ನು ಎಲೆಯ ಮೇಲಿಟ್ಟು, ಇಡೀ ಪಂಕ್ತಿಗೆ ಕೇಳುವಂತೆ ಕೂಗಿದರು.

‘ನೀವು ಶ್ರೀರಾಂಪುರದ ಅಯ್ಯನೋರ ಮಗಳಲ್ವಾ? ಅಯ್ಯಯ್ಯೋ, ಅವರ ಪ್ರಸಂಗ ಅಂದ್ರೆ ಹೊಟ್ಟೆ ಹುಣ್ಣಾಗಾಂಗೆ ನಗ್ತಿದ್ವಿ! ಸಾರಿಗೆ ಎರಡು ಸಲ ಉಪ್ಪು ಹಾಕಿದ ಹೆಂಗಸಿನ ಕಥೆ ಹೇಳ್ರಿ ಮೇಡಂ, ನಮ್ಮ ಸೊಸೇರೂ ಕೇಳ್ಲಿ.’

ಹೇಳಿದೆ. ಎಲ್ಲಿ ನಿಲ್ಲಿಸಬೇಕು, ಎಲ್ಲಿ ಹುಬ್ಬೇರಿಸಬೇಕು ಎಲ್ಲವೂ ನನಗೆ ಬಾಯಿಪಾಠ. ಸೊಸೆಯರು ನಕ್ಕರು, ಬಡಿಸುವ ಹುಡುಗಿಯೂ ಪಾಯಸದ ಬಕೆಟ್ಟು ಹಿಡಿದುಕೊಂಡೇ ನಕ್ಕಳು. ಆ ಉಪ್ಪು ಹಾಕಿದ ಹೆಂಗಸು ನನ್ನ ಅವ್ವ ಎಂದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮನೆಗೆ ಬಂದು ಸೀರೆ ಕೂಡ ಬದಲಾಯಿಸದೆ ಮಲಗಿಬಿಟ್ಟೆ. ಸಾಕಾಗಿಹೋಗಿದೆ ನನಗೆ. ಅಪ್ಪನ ಕಥೆಗಳನ್ನು ಇಷ್ಟು ವರ್ಷ ಹೊತ್ತು ತಿರುಗಿದ್ದೇನೆ. ಅವುಗಳಲ್ಲಿ ಒಂದನ್ನು ಮಾತ್ರ ಮನೆಯ ಹೊರಗೆ ಎಲ್ಲೂ ಪೂರ್ತಿ ಹೇಳಿಲ್ಲ. ಅದು ಅಪ್ಪನ ಕಥೆಯೂ ಅಲ್ಲ.

ನಮ್ಮ ಕ್ರೈಸ್ತ ಸಭೆಗಳಲ್ಲಿ ಪಾದ್ರಿಯನ್ನು ಅಯ್ಯನೋರು ಅನ್ನುತ್ತಾರೆ, ಅವರ ಹೆಂಡತಿಯನ್ನು ಅಮ್ಮನೋರು, ಅಯ್ಯನೋರು ಪೀಠದಿಂದ ಮಾಡುವ ಉಪದೇಶವನ್ನು ಪ್ರಸಂಗ. ಅಪ್ಪ ಶ್ರೀರಾಂಪುರದಲ್ಲಿ ಅಯ್ಯನೋರಾಗಿದ್ದ ಕಾಲದಲ್ಲಿ ನಮ್ಮ ಚರ್ಚು ಹೆಂಚು ಹೊದಿಸಿದ ಒಂದು ಉದ್ದನೆಯ ಕೋಣೆ, ಹನ್ನೊಂದು ಬೆಂಚು. ಅದರ ಗೋಡೆಗೆ ಅಂಟಿಕೊಂಡೇ ನಮ್ಮ ಮನೆ. ಮುಂದಿನ ಕೋಣೆ ಹೆಸರಿಗೆ ಮಾತ್ರ ನಮ್ಮದು. ಅಲ್ಲಿ ಕೀರ್ತನೆ ಪುಸ್ತಕಗಳ ಗಂಟು, ಮೂರು ಸ್ವರ ಸತ್ತುಹೋದ ಹಾರ್ಮೋನಿಯಂ, ಜನ ಮರೆತು ಹೋದ ಕೊಡೆಗಳು ಇರುತ್ತಿದ್ದವು; ಯಾವಾಗಲೂ ಯಾರಾದರೊಬ್ಬರು ಕಷ್ಟ ಹೇಳಿಕೊಳ್ಳಲು ಬಂದು ಕೂತಿರುತ್ತಿದ್ದರು. ನಡುವಿನ ಕೋಣೆಯಲ್ಲಿ ನಾವು ಮಲಗುತ್ತಿದ್ದೆವು. ಅಣ್ಣ ಚಿತ್ರದುರ್ಗದ ಹಾಸ್ಟೆಲಿನಲ್ಲಿ ಓದುತ್ತಿದ್ದುದರಿಂದ ಅವನ ಚಾಪೆ ಸುತ್ತಿಟ್ಟೇ ಇರುತ್ತಿತ್ತು. ಹಿಂದಿನದು ಅಡುಗೆಮನೆ. ಅದರ ಒಂದು ಗೋಡೆ ಚರ್ಚಿನದ್ದೇ. ಭಾನುವಾರ ಒಲೆಯ ಮುಂದೆ ಕೂತ ಅವ್ವನಿಗೆ ಆ ಗೋಡೆಯ ಮೂಲಕ ಕೀರ್ತನೆ ಕೇಳುತ್ತಿತ್ತು, ಮಾತು ತಿಳಿಯುತ್ತಿರಲಿಲ್ಲ. ಅವ್ವನ ಒಗ್ಗರಣೆಯ ವಾಸನೆ ಮಾತ್ರ ಗೋಡೆ ದಾಟಿ ಆ ಕಡೆ ಹೋಗುತ್ತಿತ್ತು. ‘ಬೆಳ್ಳುಳ್ಳಿ ವಾಸನೆ ಬಂತು ಅಂದ್ರೆ ನಾನು ಆಮೆನ್ ಹೇಳಬೇಕು. ಆಮ್ಯಾಲೆ ಯೆಶಾಯ ಪ್ರವಾದಿ ಬಂದ್ರೂ ನೀವು ಕೇಳಾಕಿಲ್ಲ’ ಎಂದು ಅಪ್ಪ ಪೀಠದಿಂದಲೇ ಹೇಳಿ ನಗಿಸುತ್ತಿದ್ದ.

ದೂರದ ಹಳ್ಳಿಗಳಿಂದ ನಡೆದು ಬಂದವರು ಪ್ರಾರ್ಥನೆ ಮುಗಿದ ಮೇಲೆ ನಮ್ಮ ಮನೆಯಲ್ಲೇ ಉಂಡು ಹೋಗುವುದು ಪದ್ಧತಿ. ಹದಿನೈದು ಜನ, ಕೆಲವೊಮ್ಮೆ ಇಪ್ಪತ್ತು. ರಾಗಿ ಮುದ್ದೆ, ಒಂದಿಷ್ಟು ಅನ್ನ, ಹುರುಳಿಕಾಳಿನ ಸಾರು, ಹಬ್ಬವಾದರೆ ಕೋಳಿ. ಬೆಳಗಿನ ಐದಕ್ಕೆ ಒಲೆ ಹಚ್ಚಿದ ಅವ್ವ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಚರ್ಚಿಗೆ ಬಂದು ಬಾಗಿಲ ಪಕ್ಕದ ಕೊನೆಯ ಬೆಂಚಿನ ತುದಿಯಲ್ಲಿ ಕೂರುವ ಹೊತ್ತಿಗೆ ಪ್ರಸಂಗ ಮುಗಿಯುತ್ತ ಬಂದಿರುತ್ತಿತ್ತು. ಊರಿಗೆಲ್ಲ ಹೆಸರಾಗಿದ್ದ ಅಯ್ಯನೋರ ಪ್ರಸಂಗವನ್ನು ಅಮ್ಮನೋರು ಒಮ್ಮೆಯೂ ಮೊದಲಿನಿಂದ ಕೊನೆಯವರೆಗೆ ಕೂತು ಕೇಳಿರಲಿಲ್ಲ.

ಅಪ್ಪನಿಗೆ ಒಂದೇ ಸಭೆಯಲ್ಲ, ನಾಲ್ಕು. ಒಂದು ಭಾನುವಾರ ಶ್ರೀರಾಂಪುರ, ಒಂದು ಹೊಸದುರ್ಗ, ಒಂದು ಮಾಡದಕೆರೆ, ಒಂದು ಹೊಳಲ್ಕೆರೆ. ಬಸ್ಸಿಗೆ ಕಾಯುವುದರಲ್ಲೇ ಅರ್ಧ ಆಯುಷ್ಯ ಕಳೆದ ಮನುಷ್ಯ. ಹಾಗೆ ಕಾಯುತ್ತ ಕೂತಾಗ ಕಂಡದ್ದು, ಕೇಳಿದ್ದು ಎಲ್ಲವನ್ನೂ ಒಂದು ಉದ್ದನೆಯ ಪುಸ್ತಕದಲ್ಲಿ ಬರೆದಿಡುತ್ತಿದ್ದ. ಪ್ರತಿ ಕಥೆಯ ಪಕ್ಕ ಅದನ್ನು ಹೇಳಿದ ಊರಿನ ಮೊದಲ ಅಕ್ಷರ, ಅದರ ಮುಂದೆ ಪೆನ್ಸಿಲಿನಲ್ಲಿ ಗೀಟು. ಜನ ಮುಗುಳ್ನಕ್ಕರೆ ಒಂದು ಗೀಟು, ಬಾಯಿ ಬಿಟ್ಟು ನಕ್ಕರೆ ಎರಡು. ಹೊಸದುರ್ಗಕ್ಕೂ ಹೊಳಲ್ಕೆರೆಗೂ ‘ಹೊ’ ಎಂದೇ ಬರೆದು, ಒಂದೇ ಕಥೆಯನ್ನು ಹೊಳಲ್ಕೆರೆಯಲ್ಲಿ ಎರಡು ಸಲ ಹೇಳಿ ಮುಖಭಂಗವಾದ ಮೇಲೆ ಹೊಳಲ್ಕೆರೆಯ ‘ಹೊ’ ಸುತ್ತ ಒಂದು ಸೊನ್ನೆ ಬರೆಯತೊಡಗಿದ. ನಗಿಸುವುದು ಯಾಕೆ ಎಂದು ಒಮ್ಮೆ ನಾನು ಕೇಳಿದ್ದಕ್ಕೆ ಅವನು ಕುರಿ ಕಾಯುವವರನ್ನು ತೋರಿಸಿದ. ಕುರಿಗೆ ಕಾಯಿಲೆಯಾದರೆ ಅವರು ಬಿದಿರಿನ ಗೊಟ್ಟದಲ್ಲಿ ಕಷಾಯ ತುಂಬಿ, ಬಾಯಿ ಬಿಡಿಸಿ ಒಳಗೆ ಹೊಯ್ಯುತ್ತಾರಲ್ಲ, ಹಾಗೆ.

‘ಮನುಷ್ಯರ ಬಾಯಿ ಬಿಡಿಸಾಕೆ ಆಗಲ್ಲವ್ವ ಸುಗುಣಿ. ಅವರಾಗೇ ಬಿಡಬೇಕು. ನಕ್ಕಾಗ ಬಿಡ್ತಾರೆ. ಆವಾಗ ಹೊಯ್ಯಬೇಕು.’

ಶನಿವಾರ ಮಧ್ಯಾಹ್ನ ಪರೀಕ್ಷೆ. ಅವ್ವ ಅಡುಗೆಮನೆಯಲ್ಲಿ ಮೊರ ಹಿಡಿದು ಮರುದಿನದ ಅಕ್ಕಿ ಆರಿಸುವಾಗ ಅಪ್ಪ ಹೊಸ್ತಿಲ ಮೇಲೆ ಕೂತು ಕಥೆಗಳನ್ನು ಒಂದೊಂದಾಗಿ ಅವಳ ಮುಂದೆ ಹೇಳುತ್ತಿದ್ದ. ಅವ್ವ ತಲೆ ಎತ್ತುತ್ತಿರಲಿಲ್ಲ. ಕಥೆ ಚೆನ್ನಾಗಿದ್ದರೆ ಮೂಗಿನಿಂದ ‘ಹ್ಞುಂ’ ಎಂದು ಒಂದು ನಗೆ ಹೊರಡುತ್ತಿತ್ತು, ಮೊರದ ಮೇಲಿನ ಹೊಟ್ಟು ಹಾರುತ್ತಿತ್ತು. ಹೊಟ್ಟು ಹಾರಿದ ಕಥೆ ಭಾನುವಾರಕ್ಕೆ ಆಯ್ಕೆ. ಹಾರದಿದ್ದರೆ ಇಲ್ಲ. ಆ ನಗೆಗಾಗಿ ಅಪ್ಪ ಪಡುತ್ತಿದ್ದ ಪಾಡು ನೋಡಬೇಕಿತ್ತು. ಮುದುಕಿಯಂತೆ, ಕಂಡಕ್ಟರನಂತೆ, ಸೀನುವ ಮೇಕೆಯಂತೆ ನಟಿಸುತ್ತಿದ್ದ. ನಮ್ಮ ಮನೆಯ ಸುಖದ ಗಳಿಗೆಗಳೆಂದರೆ ಅವೇ. ಸುಳ್ಳು ಯಾಕೆ ಹೇಳಲಿ, ನನ್ನ ಅಪ್ಪನಷ್ಟು ತಮಾಷೆಯ ಮನುಷ್ಯನನ್ನು ನಾನು ಮತ್ತೆ ಕಂಡಿಲ್ಲ. ಅವನೆಂದರೆ ನನಗೆ ಪ್ರಾಣ.

ಆದರೆ ವಾರಕ್ಕೊಂದು ಹೊಸ ಕಥೆ ಬೇಕಲ್ಲ, ಎಲ್ಲಿಂದ ತರುವುದು? ಹೊರಗಿನದು ಮುಗಿದಾಗ ಅಪ್ಪ ಮನೆಯೊಳಗೆ ಕೈ ಹಾಕುತ್ತಿದ್ದ. ‘ಒಂದೂರಲ್ಲಿ ಒಬ್ಬ ಹೆಂಗಸಿದ್ದಳು’ ಎಂದು ಶುರುವಾದರೆ ಆ ಹೆಂಗಸು ಅವ್ವನೇ. ಸಾರಿಗೆ ಎರಡು ಸಲ ಉಪ್ಪು ಹಾಕಿದವಳು, ಒಂದೊಂದು ಕಾಲಿಗೆ ಒಂದೊಂದು ಜೊತೆಯ ಚಪ್ಪಲಿ ಮೆಟ್ಟಿಕೊಂಡು ಹೊಸದುರ್ಗದ ಬಸ್ಸು ಹತ್ತಿದವಳು, ಮೊಟ್ಟೆ ಇಡದ ಕೋಳಿಗೆ ಅರ್ಧ ಗಂಟೆ ಬುದ್ಧಿ ಹೇಳಿದವಳು. ಉಪ್ಪಿನಿಂದ ಶುರುವಾಗಿ ಕೊನೆಗೆ ‘ನೀವು ಭೂಮಿಗೆ ಉಪ್ಪಾಗಿದ್ದೀರಿ’ ಎನ್ನುವ ಬೈಬಲಿನ ಮಾತಿಗೆ ಹೋಗಿ ಮುಟ್ಟುತ್ತಿದ್ದ. ಜನ ನಗುನಗುತ್ತಲೇ ಕಣ್ಣೊರೆಸಿಕೊಳ್ಳುತ್ತಿದ್ದರು. ಮನೆಯಲ್ಲಿ ಜಗಳವಾಗುತ್ತಿತ್ತು.

‘ಏನ್ರೀ, ಆ ಹೆಂಗಸಿಗೆ ಬ್ಯಾರೆ ಊರು ಸಿಗಲಿಲ್ಲವಾ ನಿಮಗೆ?’

‘ಹೆಸರು ಹೇಳಿಲ್ಲವಲ್ಲೇ ರತ್ನಾ.’

‘ಹೆಸರು ಯಾಕೆ ಬೇಕು? ಉಣ್ಣಾಕೆ ಕುಂತೋರು ಸಾರು ಬಾಯಿಗೆ ಇಡಾಕೆ ಮುಂಚೆ ನನ್ನ ಮಕ ನೋಡ್ತಾರೆ.’

‘ನಗ್ತಾ ನೋಡ್ತಾರಲ್ಲ, ಸಿಟ್ಟಿನಾಗೆ ನೋಡಾಕಿಲ್ಲವಲ್ಲ.’

ಅಲ್ಲಿಗೆ ಅವ್ವನಿಗೂ ನಗು ಬಂದುಬಿಡುತ್ತಿತ್ತು. ಜಗಳ ಮುಗಿಯುತ್ತಿತ್ತು. ಅಪ್ಪನ ಜೊತೆ ಜಗಳ ಗೆದ್ದವರು ಯಾರೂ ಇಲ್ಲ.

ನಾನು ಅಪ್ಪನಿಗೆ ಕಥೆ ತಂದುಕೊಡುವವಳಾದದ್ದು ಯಾರೂ ಹೇಳಿ ಆದದ್ದಲ್ಲ. ಹತ್ತು ಹನ್ನೊಂದರ ವಯಸ್ಸು. ಸ್ಕೂಲಿನಲ್ಲಿ, ಬಾವಿಯ ಕಟ್ಟೆಯಲ್ಲಿ, ಅಂಗಡಿಯ ಮುಂದೆ ಕಿವಿ ತೆರೆದುಕೊಂಡು ತಿರುಗಿ, ಸಿಕ್ಕಿದ್ದನ್ನು ಸಂಜೆ ಅಪ್ಪನ ಮುಂದೆ ಸುರಿಯುತ್ತಿದ್ದೆ. ಅವನು ಕಿವಿಯ ಮೇಲಿಂದ ಪೆನ್ಸಿಲು ತೆಗೆದನೆಂದರೆ ನನಗೆ ಪದಕ ಸಿಕ್ಕ ಹಾಗೆ. ಬರೆದುಕೊಂಡು ‘ಇದು ಎರಡು ಗೀಟಿಂದು ಕಣವ್ವ’ ಅನ್ನುತ್ತಿದ್ದ. ಬೇಗನೆ ನನಗೊಂದು ವಿದ್ಯೆ ಬಂತು. ಯಾವ ಭಾಗಕ್ಕೆ ಅಪ್ಪ ನಗುತ್ತಾನೆ, ಯಾವ ಭಾಗಕ್ಕೆ ಅವನ ಕಣ್ಣು ಬೇರೆ ಕಡೆ ಹೋಗುತ್ತದೆ ಎಂದು ತಿಳಿದುಕೊಂಡೆ. ಕಣ್ಣು ಹೋಗುವ ಭಾಗವನ್ನು ನಾನೇ ಬಿಟ್ಟು ಹೇಳತೊಡಗಿದೆ. ‘ನಮ್ಮ ಸುಗುಣಿಗೆ ಕಥೆ ಕತ್ತರಿಸೋದು ಗೊತ್ತೈತೆ’ ಎಂದು ಅಪ್ಪ ಬಂದವರ ಮುಂದೆ ಹೊಗಳುತ್ತಿದ್ದ. ಉಬ್ಬಿಹೋಗುತ್ತಿದ್ದೆ.

ಅಪ್ಪನ ಕಥೆ ಕೇಳಲು ನಮ್ಮ ಸಭೆಗೆ ಸೇರದವರೂ ಬರುತ್ತಿದ್ದರು. ಅವರಲ್ಲಿ ಈರಣ್ಣ ಒಬ್ಬ. ಕುರುಬರವನು, ಎಪ್ಪತ್ತು ಎಂಬತ್ತು ಕುರಿ ಇದ್ದವು. ಭಾನುವಾರ ಅವನ ಕುರಿಗಳು ಚರ್ಚಿನ ಹಿಂದಿನ ಬಯಲಿನಲ್ಲೇ ಮೇಯಬೇಕು. ಕಂಬಳಿ ಹೆಗಲ ಮೇಲೆ ಹಾಕಿಕೊಂಡು, ಕೋಲಿನ ಮೇಲೆ ಗದ್ದ ಊರಿಕೊಂಡು, ಪಕ್ಕದ ಕಿಟಕಿಯಲ್ಲಿ ನಿಲ್ಲುತ್ತಿದ್ದ. ಎಷ್ಟು ಕರೆದರೂ ಒಳಗೆ ಬರುತ್ತಿರಲಿಲ್ಲ. ಆದರೆ ನಡುನಡುವೆ ಕಿಟಕಿಯಿಂದಲೇ ಮಾತಾಡುತ್ತಿದ್ದ. ತೊಂಬತ್ತೊಂಬತ್ತು ಕುರಿಗಳನ್ನು ಬಿಟ್ಟು ತಪ್ಪಿಸಿಕೊಂಡ ಒಂದನ್ನು ಹುಡುಕಿ ಹೊರಟ ಕುರುಬನ ದೃಷ್ಟಾಂತವನ್ನು ಅಪ್ಪ ಮೊದಲ ಸಲ ಹೇಳಿದ ದಿನ ಈರಣ್ಣ ತಡೆಯಲಾರದೆ ಕೇಳಿಯೇಬಿಟ್ಟ.

‘ಅಲ್ಲ ಅಯ್ಯನೋರೇ, ಆ ತೊಂಬತ್ತೊಂಬತ್ತನ್ನ ಯಾರಿಗೆ ಒಪ್ಪಿಸಿ ಹೋದ? ತೋಳ ಇರಲಿಲ್ಲವಾ ಆ ಊರಾಗೆ?’

ಅಪ್ಪನಿಗೆ ಖುಷಿಯೋ ಖುಷಿ. ಅದನ್ನೂ ಪುಸ್ತಕದಲ್ಲಿ ಬರೆದು ಉಳಿದ ಮೂರು ಊರುಗಳಲ್ಲಿ ಹೇಳಿದ. ಮೂರು ಕಡೆಯೂ ಎರಡು ಗೀಟು.

ಇನ್ನು ನಾನು ಪೂರ್ತಿ ಹೇಳದ ಆ ಕಥೆಯ ಮಾತು. ಮಳೆಗಾಲ ಹಿಡಿದಿತ್ತು. ಬುಧವಾರ ಅವ್ವನಿಗೆ ಜ್ವರ ಬಂತು. ಕಂಬಳಿ ಹೊದ್ದು ನಡುಗುತ್ತ ಮೂರು ದಿನ ಮಲಗಿದಳು. ನಾನು ಗಂಜಿ ಕಾಯಿಸಿದೆ, ಅಪ್ಪ ಅವಳ ತಲೆಯ ಹತ್ತಿರ ನಿಂತು ಪ್ರಾರ್ಥನೆ ಮಾಡಿದ. ಶನಿವಾರ ಸಂಜೆಗೆ ಮೈ ತಣ್ಣಗಾಯಿತು. ಮರುದಿನ ನಮ್ಮ ಊರಿನ ಸರದಿ. ಅವ್ವ ಎಂದಿನಂತೆ ಐದಕ್ಕೆ ಎದ್ದು ಇಪ್ಪತ್ತೆರಡು ಜನಕ್ಕೆ ಮುದ್ದೆ ಕಟ್ಟಿದಳು. ಬಡಿಸುವಾಗ ಒಮ್ಮೆ ಗೋಡೆ ಹಿಡಿದು ನಿಂತದ್ದನ್ನು ನಾನು ನೋಡಿದೆ. ‘ಅಮ್ಮನೋರ ಜ್ವರ ಬಿಡ್ತಲ್ಲ, ದೇವರು ದೊಡ್ಡೋನು’ ಎಂದು ಉಣ್ಣುತ್ತಿದ್ದವರು ಹೇಳಿದರು. ‘ಹೌದ್ರಿ’ ಎಂದು ಅವ್ವ ಸಾರು ಹಾಕಿದಳು.

ಅದಾಗಿ ಇನ್ನೊಂದು ಶನಿವಾರ. ಮಾಡದಕೆರೆಯ ದಾರಿ ಹಳ್ಳ ಬಂದು ಕೆಟ್ಟುಹೋಗಿ ಆ ವಾರವೂ ಅಪ್ಪ ನಮ್ಮ ಊರಿನಲ್ಲೇ ಉಳಿದಿದ್ದ. ಹೊಸ ಕಥೆ ಬೇಕಿತ್ತು. ಹೊಸ್ತಿಲ ಮೇಲೆ ಕೂತು ನಾಲ್ಕು ಹೇಳಿದ, ಒಂದಕ್ಕೂ ಹೊಟ್ಟು ಹಾರಲಿಲ್ಲ. ಅವ್ವ ಅಕ್ಕಿ ಮುಚ್ಚಿಟ್ಟು ಚರ್ಚು ಗುಡಿಸಲು ಹೋದಳು. ಶನಿವಾರ ಗುಡಿಸುವುದು ಅವಳದೇ ಕೆಲಸ. ಸ್ವಲ್ಪ ಹೊತ್ತಿಗೆ ಹಾಲಿನವಳು ಬಂದಳು. ಅವ್ವನನ್ನು ಕರೆಯಲು ಹೋದ ನನಗೆ ಪಕ್ಕದ ಕಿಟಕಿಯಲ್ಲಿ, ಈರಣ್ಣ ನಿಲ್ಲುವ ಜಾಗದಲ್ಲೇ, ಒಳಗಿನಿಂದ ಅವ್ವನ ದನಿ ಕೇಳಿತು. ಯಾರ ಹತ್ತಿರ ಮಾತಾಡುತ್ತಿದ್ದಾಳೆ ಎಂದು ಇಣುಕಿದೆ. ಯಾರೂ ಇರಲಿಲ್ಲ. ಅಪ್ಪನ ಪೀಠದ ಹಿಂದೆ ಅವ್ವ ನಿಂತಿದ್ದಳು. ಬಲಗೈಯಲ್ಲಿ ಪೊರಕೆ. ಎದುರಿಗೆ ಹನ್ನೊಂದು ಖಾಲಿ ಬೆಂಚು. ಹೇಳುತ್ತಿದ್ದದ್ದು ಬೈಬಲಿನಲ್ಲಿ ಸ್ವಾಮಿ ತನ್ನ ಶಿಷ್ಯ ಸೀಮೋನನ ಮನೆಗೆ ಹೋಗುವ ಕಥೆ.

‘ಸೀಮೋನನ ಅತ್ತೆಗೆ ಜ್ವರ ಬಂದಿತ್ತು. ಯಾಕೆ ಬಂತು ಅಂತ ಬರೆದಿಲ್ಲ, ಬರೆದೋರು ಗಂಡಸ್ರು. ನನ್ನ ಕೇಳ್ರಿ, ಹೇಳ್ತೀನಿ. ಅಳಿಯ ಮೀನು ಹಿಡಿಯೋದು ಬಿಟ್ಟು ಗುರುಗಳ ಹಿಂದೆ ಹೋದ. ಹೋದೋನು ಸುಮ್ಕೆ ಹೋದ್ನಾ? ಉಣ್ಣೋ ಹೊತ್ತಿಗೆ ಎಲ್ಲಾರನ್ನೂ ಕಟ್ಕೊಂಡು ಸೀದಾ ಮನೀಗೇ ಬಂದ.’

ಇಲ್ಲಿ ಅವ್ವ ನಿಲ್ಲಿಸಿದಳು. ಬೆಂಚುಗಳನ್ನು ಎಡದಿಂದ ಬಲಕ್ಕೆ ಒಮ್ಮೆ ನೋಡಿದಳು, ಅಪ್ಪ ನೋಡುವ ಹಾಗೆ. ಜನರಿಗೆ ನಗಲು ಬಿಡುವು ಕೊಡುತ್ತಿದ್ದಳು.

‘ಸ್ವಾಮಿ ಬಂದು ಜ್ವರ ಬಿಡಿಸ್ದ. ಒಳ್ಳೇದಾಯ್ತು. ಬಿಟ್ಟ ಕೂಡ್ಲೇ ಆಯಮ್ಮ ಎದ್ದು ಎಲ್ಲಾರಿಗೂ ಬಡಿಸಿದ್ಲಂತೆ. ಏನಪ್ಪ ಸ್ವಾಮಿ, ಒಂದಿನ ಮಲಗಾಕೆ ಬಿಡಬಾರದಿತ್ತಾ? ಅಷ್ಟು ಜನ ಶಿಷ್ಯರು ಚಾಪೆ ಮ್ಯಾಲೆ ಕುಂತಿದ್ರಲ್ಲ, ಒಬ್ಬನ ಕೈಗಾದ್ರೂ ಸೌಟು ಕೊಡಬಾರದಿತ್ತಾ?’

ಪೊರಕೆಯನ್ನೇ ಸೌಟಿನಂತೆ ಮುಂದೆ ಚಾಚಿದಳು. ನಾನು ಬಾಯಿಗೆ ಲಂಗ ತುರುಕಿಕೊಂಡು ನಕ್ಕೆ. ಅಪ್ಪನಿಗಿಂತ ಚೆನ್ನಾಗಿ ಹೇಳುತ್ತಿದ್ದಳು. ನಿಜವಾಗಿಯೂ ಚೆನ್ನಾಗಿ ಹೇಳುತ್ತಿದ್ದಳು. ಆಮೇಲೆ ಅವಳ ದನಿ ತಗ್ಗಿತು. ಪೊರಕೆಯನ್ನು ಪೀಠಕ್ಕೆ ಒರಗಿಸಿಟ್ಟಳು.

‘ಆದ್ರೆ ಬಡಿಸೋಕೆ ಮುಂಚೆ ಒಂದು ಮಾತು ಬರೆದೈತೆ. ನಾವು ಅದನ್ನ ದಾಟ್ಕೊಂಡು ಹೋಗ್ತೀವಿ. ಆತ ಆಯಮ್ಮನ ಕೈ ಹಿಡಿದು ಎಬ್ಬಿಸ್ದ. ಆ ಕೈಗೆ ಅಲ್ಲಿತನಕ ಎಲ್ಲಾರೂ ಏನಾದ್ರೂ ಕೊಟ್ಟೋರೇ. ಕೂಸು ಕೊಟ್ರು, ಮೀನು ಕೊಟ್ರು, ಮುಸುರೆ ಪಾತ್ರೆ ಕೊಟ್ರು. ಏನೂ ಕೊಡದಂಗೆ ಬರೀ ಕೈ ಹಿಡಿದೋನು ಆತನೊಬ್ಬ. ಅದಕ್ಕೇ ಎದ್ಲು ಆಯಮ್ಮ. ಜ್ವರ ಬಿಡ್ತು ಅಂತಲ್ಲ.’

‘ಆಮೆನ್’ ಎಂದಳು. ಪೊರಕೆ ತೆಗೆದುಕೊಂಡು ಬಗ್ಗಿ ಮೊದಲನೇ ಬೆಂಚಿನ ಅಡಿಯಲ್ಲಿ ಗುಡಿಸತೊಡಗಿದಳು. ನಾನು ಕರೆಯದೆ ಓಡಿದೆ.

ಅಪ್ಪ ಪುಸ್ತಕ ಮುಂದಿಟ್ಟುಕೊಂಡು ತಲೆ ಕೆರೆಯುತ್ತ ಕೂತಿದ್ದ. ‘ಏನಾದ್ರೂ ಐತೇನವ್ವ?’ ಎಂದು ಕೇಳಿದ. ಇತ್ತಲ್ಲ! ಹೇಳಿದೆ. ಪೀಠ, ಪೊರಕೆ, ಹನ್ನೊಂದು ಬೆಂಚು, ಅವ್ವ ಎಡದಿಂದ ಬಲಕ್ಕೆ ನೋಡಿದ ರೀತಿ. ನಟಿಸಿಯೂ ತೋರಿಸಿದೆ. ಅಪ್ಪ ಮೊಣಕಾಲು ಬಡಿದುಕೊಂಡು ನಕ್ಕ, ಕಣ್ಣಲ್ಲಿ ನೀರು ಬಂತು, ಕಿವಿಯ ಮೇಲಿನ ಪೆನ್ಸಿಲು ಕೈಗೆ ಬಂತು. ಸೀಮೋನನ ಅತ್ತೆಯ ವಿಷಯ ನಾಲಿಗೆಯ ತುದಿಯಲ್ಲಿತ್ತು. ಅವನ ನಗು ನೋಡಿ, ಇನ್ನು ಮುಂದಕ್ಕೆ ಹೋದರೆ ಇದು ನಿಂತುಹೋಗುತ್ತದೆ ಎಂದು ನನಗೆ ಗೊತ್ತಾಯಿತು. ಯಾರೂ ತಡೆಯಲಿಲ್ಲ. ನಾನೇ ನಿಲ್ಲಿಸಿದೆ.

ಮರುದಿನ ಅಪ್ಪ ಶುರು ಮಾಡಿದ. ಅವ್ವನ ಮುಂದೆ ಪರೀಕ್ಷೆಗೆ ಇಡದೆ ಪೀಠಕ್ಕೆ ಹೋದ ಮೊದಲ ಕಥೆ ಅದು.

‘ನಮ್ಮ ಮನೆಯಲ್ಲಿ ಇನ್ನೊಬ್ಬ ಪ್ರಸಂಗಿ ತಯಾರಾಗಿದ್ದಾರೆ. ಅವರ ಸಭೆಯಲ್ಲಿ ಹನ್ನೊಂದು ಜನ. ಹನ್ನೊಂದೂ ಬೆಂಚುಗಳೇ. ಆದರೆ ಒಂದು ಹೇಳ್ತೀನಿ, ನನ್ನ ಸಭೆಯ ಹಾಗೆ ಅವರ ಸಭೆಯಲ್ಲಿ ಒಬ್ಬರೂ ತೂಕಡಿಸಲ್ಲ! ತೂಕಡಿಸಿದರೆ ಕೈಯಲ್ಲಿ ಪೊರಕೆ ಐತೆ!’

ಹೆಂಚು ಹಾರಿಹೋಗುವಂತೆ ಜನ ನಕ್ಕರು. ಅಷ್ಟರಲ್ಲಿ ಹಿಂದಿನ ಬಾಗಿಲು ತಳ್ಳಿಕೊಂಡು, ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಅವ್ವ ಒಳಗೆ ಬಂದಳು. ಎಲ್ಲರೂ ಒಟ್ಟಿಗೆ ತಿರುಗಿ ನೋಡಿ ಮತ್ತೆ ನಕ್ಕರು. ಅವಳಿಗೆ ಏನೆಂದು ಗೊತ್ತಾಗಲಿಲ್ಲ. ಎಲ್ಲರೂ ನಗುತ್ತಿದ್ದಾರಲ್ಲ ಎಂದು ತಾನೂ ಒಂದಿಷ್ಟು ನಕ್ಕು ಬೆಂಚಿನ ತುದಿಯಲ್ಲಿ ಕೂತಳು. ಪಕ್ಕದ ಹೆಂಗಸು ಅವಳ ಕಿವಿಯಲ್ಲಿ ಏನೋ ಹೇಳಿದಳು. ಅವ್ವನ ಮುಖದ ನಗು ಹಾಗೇ ಇತ್ತು, ಕಣ್ಣು ಮಾತ್ರ ನನ್ನನ್ನು ಹುಡುಕಿತು. ಆಗ ಕಿಟಕಿಯಿಂದ ಈರಣ್ಣ ಕೇಳಿದ.

‘ಅಯ್ಯನೋರೇ, ಅಮ್ಮನೋರು ಏನು ಹೇಳಿದ್ರು ಅಂತ ಹೇಳಲೇ ಇಲ್ಲವಲ್ಲ?’

ಅಪ್ಪ ಬಾಯಿ ತೆರೆದ. ಅವನಿಗೆ ಗೊತ್ತಿರಲಿಲ್ಲ. ನನ್ನ ಕಡೆ ನೋಡಿದ. ನಾನು ಕೀರ್ತನೆ ಪುಸ್ತಕದೊಳಗೆ ಮುಖ ಹಾಕಿದೆ. ಮಾತಿಗೆ ಎಂದೂ ತಡವರಿಸದ ಅಪ್ಪ ಒಂದು ಉಸಿರಿನಷ್ಟು ಹೊತ್ತು ತಡವರಿಸಿ, ‘ಅದನ್ನ ಬೆಂಚುಗಳನ್ನೇ ಕೇಳಬೇಕು ಈರಣ್ಣ’ ಎಂದ. ಜನ ಮೂರನೇ ಸಲ ನಕ್ಕರು. ಈರಣ್ಣ ನಗಲಿಲ್ಲ, ಕೋಲು ತೆಗೆದುಕೊಂಡು ಕುರಿಗಳ ಕಡೆ ಹೋದ. ಅವ್ವ ಎದ್ದು ಮುದ್ದೆಗೆ ಎಸರಿಡಲು ಹೋದಳು.

ಊಟದ ಹೊತ್ತಿನಲ್ಲಿ ‘ಮುಂದಿನ ವಾರ ನಿಮ್ಮದೇ ಪ್ರಸಂಗ ಇಡ್ರಿ ಅಮ್ಮನೋರೇ’ ಎಂದು ಒಂದಿಬ್ಬರು ಅಂದರು. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ಅವ್ವ ಎಲ್ಲರಿಗೂ ಬಡಿಸಿದಳು. ಎಲ್ಲರೂ ಹೋದ ಮೇಲೆ ಹಿತ್ತಲಿನಲ್ಲಿ ಬೂದಿ ಹಚ್ಚಿ ಪಾತ್ರೆ ತಿಕ್ಕುತ್ತ ಕೂತಳು. ನಾನು ಬೈಗುಳಕ್ಕೆ ಕಾಯುತ್ತ ಪಕ್ಕದಲ್ಲಿ ನಿಂತೆ.

‘ಕಿಟಕಿಯಾಗೆ ನಿಂತಿದ್ಯಾ?’

‘ಹೂಂ.’

‘ಪೂರ್ತಿ ಕೇಳಿದ್ಯಾ?’

‘ಹೂಂ ಅವ್ವ.’

‘ಮತ್ತೆ ಅರ್ಧ ಯಾಕೆ ಹೇಳಿದೆ?’

ಅವಳು ತೊಳೆದ ದೊಡ್ಡ ಪಾತ್ರೆಯನ್ನು ನನ್ನ ಕೈಗೆ ಕೊಟ್ಟು ‘ಒರೆಸು’ ಎಂದಳು. ಅಷ್ಟೇ. ಬೈದಿದ್ದರೆ, ಎರಡು ಬಾರಿಸಿದ್ದರೆ ನಾನು ಇಷ್ಟು ದಿನ ಇದನ್ನು ಹೊತ್ತು ತಿರುಗುತ್ತಿರಲಿಲ್ಲವೇನೋ.

ಆಮೇಲಿನ ಶನಿವಾರಗಳಲ್ಲಿ ಹೊಟ್ಟು ಹಾರಲಿಲ್ಲ. ಅಪ್ಪ ಹೊಸ್ತಿಲ ಮೇಲೆ ಕೂತು ಹೇಳುತ್ತಿದ್ದ, ಅವ್ವ ಅಕ್ಕಿ ಆರಿಸುತ್ತಿದ್ದಳು. ಅವನು ಮುಗಿಸಿ ಕಾಯುತ್ತಿದ್ದ. ‘ಚೆನ್ನಾಗೈತೆ ರೀ, ಹೇಳ್ರಿ’ ಅನ್ನುತ್ತಿದ್ದಳು. ಸಿಟ್ಟಿರಲಿಲ್ಲ, ಮಾತು ಬಿಟ್ಟಿರಲಿಲ್ಲ, ನಗು ಮಾತ್ರ ಇರಲಿಲ್ಲ. ಕಂಡಕ್ಟರ್ ಬಂದ, ಮುದುಕಿ ಬಂದಳು, ಮೇಕೆ ಸೀನಿತು, ಊಹೂಂ. ‘ಒಂದೂರಲ್ಲಿ ಒಬ್ಬ ಹೆಂಗಸಿದ್ದಳು’ ಅನ್ನುವುದನ್ನು ಅಪ್ಪ ತಾನಾಗಿಯೇ ಬಿಟ್ಟ. ಹಳೆಯದನ್ನು ಜನ ಮಾತ್ರ ಮರೆಯಲಿಲ್ಲ. ಎಲ್ಲಿ ತಪ್ಪಾಯಿತೆಂದು ಅವನಿಗೆ ತಿಳಿಯಲಿಲ್ಲ, ಕೇಳುವ ಧೈರ್ಯವೂ ಬರಲಿಲ್ಲ. ಕೊನೆಗೆ ಹೊಸ್ತಿಲ ಮೇಲೆ ಕೂರುವುದನ್ನೇ ನಿಲ್ಲಿಸಿ ಮುಂದಿನ ಕೋಣೆಯಲ್ಲಿ ಒಬ್ಬನೇ ಪುಸ್ತಕ ತಿರುವುತ್ತಿದ್ದ. ಚರ್ಚು ಗುಡಿಸುವ ಕೆಲಸ ನನಗೆ ಬಂತು. ಗುಡಿಸುವಾಗ ಒಂದೆರಡು ಸಲ ಪೀಠದ ಹಿಂದೆ ನಿಂತು ನೋಡಿದೆ. ಹನ್ನೊಂದು ಬೆಂಚುಗಳೂ ನನ್ನನ್ನೇ ನೋಡುತ್ತಿದ್ದವು. ಹೇಳಲು ನನ್ನದು ಅನ್ನುವುದು ಏನೂ ಇರಲಿಲ್ಲ. ಮುಂದೆ ಟೀಚರಾದೆ. ತರಗತಿಯಲ್ಲಿ ನಗಿಸಿದೆ, ಮದುವೆಗಳಲ್ಲಿ ನಗಿಸಿದೆ, ಒಳ್ಳೆಯ ಹೆಸರು ಬಂತು. ಯಾರಾದರೂ ಮನಸ್ಸು ಬಿಚ್ಚಿ ಹೇಳಿಕೊಳ್ಳುವಾಗಲೂ ಇದರಲ್ಲಿ ಯಾವುದನ್ನು ಇಟ್ಟುಕೊಳ್ಳುವುದು, ಯಾವುದನ್ನು ಬಿಡುವುದು ಎಂದು ಒಳಗೊಬ್ಬಳು ಕತ್ತರಿ ಹಿಡಿದು ಕೂತೇ ಇರುತ್ತಾಳೆ. ಅವಳನ್ನು ಕಂಡರೆ ನನಗೆ ಆಗುವುದಿಲ್ಲ.

ಅಪ್ಪ ನಿವೃತ್ತನಾದ ಮೇಲೆ ಇಬ್ಬರೂ ಹೊಳಲ್ಕೆರೆಯಲ್ಲಿ ನನ್ನ ಜೊತೆಗೇ ಇದ್ದರು. ಅವ್ವನಿಗೆ ಎಪ್ಪತ್ತು ದಾಟಿತ್ತು. ಒಮ್ಮೆ ಹೀಗೆಯೇ ಜ್ವರ ಬಂದು ನಾಲ್ಕು ದಿನ ಮಲಗಿದಳು. ಐದನೇ ದಿನ ಭಾನುವಾರ. ಚರ್ಚು ಮುಗಿಸಿಕೊಂಡು ಐದಾರು ಜನ ನೋಡಲು ಬರುತ್ತೇವೆಂದು ಹೇಳಿಕಳಿಸಿದ್ದರು. ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಹಾಸಿಗೆ ಖಾಲಿ. ಅಡುಗೆಮನೆಯಲ್ಲಿ ಸ್ಟೋವಿನ ಮೇಲೆ ಹಾಲಿಟ್ಟು, ಇಕ್ಕಳ ಹಿಡಿದು ನಿಂತಿದ್ದಳು. ರೇಗಿಹೋಯಿತು ನನಗೆ.

‘ಜ್ವರ ಬಿಟ್ಟು ಒಂದು ಗಳಿಗೆ ಆಗಿಲ್ಲ, ಎದ್ದು ಬಂದೆಯಲ್ಲವ್ವ! ಒಂದಿನ ಮಲಗಬಾರದಾ?’

ನನ್ನ ಮಾತು ನನ್ನ ಕಿವಿಗೇ ಬಿತ್ತು. ಎಲ್ಲಿಯೋ ಕೇಳಿದ್ದ ಮಾತು. ಪೀಠದ ಹಿಂದೆ ನಿಂತು ಅವ್ವ ಆಡಿದ್ದ ಮಾತು. ನಡುಮನೆಯಲ್ಲಿ ಅಪ್ಪ ಕುರ್ಚಿಯಲ್ಲಿದ್ದ. ಹೋಗಿ ಅವನ ಮುಂದೆ ನೆಲದ ಮೇಲೆ ಕೂತೆ. ಹೇಳಿದೆ. ನಟಿಸಲಿಲ್ಲ, ಎಡದಿಂದ ಬಲಕ್ಕೆ ನೋಡಲಿಲ್ಲ. ಸೀಮೋನನ ಅತ್ತೆ, ಅಳಿಯ, ಸೌಟು, ಆಮೇಲೆ ಕೈ ಹಿಡಿದು ಎಬ್ಬಿಸಿದ್ದು, ಕೂಸು, ಮೀನು, ಮುಸುರೆ ಪಾತ್ರೆ. ಒಂದು ಮಾತೂ ಬಿಡಲಿಲ್ಲ. ಅಡುಗೆಮನೆಯಲ್ಲಿ ಸದ್ದಿರಲಿಲ್ಲ. ಅವ್ವ ಕೇಳಿಸಿಕೊಳ್ಳುತ್ತಿದ್ದಳು.

ಅಪ್ಪ ಕುರ್ಚಿಯಿಂದ ಮುಂದಕ್ಕೆ ಬಾಗಿದ.

‘ಇದನ್ನ ಅವತ್ತೇ ಯಾಕೆ ಹೇಳಲಿಲ್ಲವ್ವ ಸುಗುಣಿ?’

‘ನೀವು ನಗಲ್ಲ ಅಂತ.’

ಅವನು ಕೋಲು ಹುಡುಕಿ ಎದ್ದ. ನಿಧಾನವಾಗಿ ಅಡುಗೆಮನೆಗೆ ಹೋದ. ಅವ್ವನ ಕೈಯಿಂದ ಇಕ್ಕಳ ತೆಗೆದು ಕಟ್ಟೆಯ ಮೇಲಿಟ್ಟ. ಖಾಲಿಯಾದ ಆ ಕೈಯನ್ನು ತನ್ನ ಕೈಯಲ್ಲಿ ಹಿಡಿದುಕೊಂಡು ನಿಂತ.

‘ಬಿಡ್ರಿ, ಹಾಲು ಉಕ್ತೈತೆ’ ಎಂದಳು ಅವ್ವ.

ಬಿಡಲಿಲ್ಲ. ಹಾಲು ಉಕ್ಕಿತು. ಸ್ಟೋವು ಚುರ್ರೆಂದು ಆರಿತು, ಹಾಲು ಕಟ್ಟೆಯ ಮೇಲೆಲ್ಲ ಹರಿದು ನೆಲಕ್ಕೆ ತೊಟ್ಟಿಕ್ಕಿತು. ಅವ್ವ ಆ ಹಾಲನ್ನು ನೋಡಿದಳು, ಅಪ್ಪನನ್ನು ನೋಡಿದಳು. ಮೂಗಿನಿಂದ ‘ಹ್ಞುಂ’ ಎಂಬ ಸದ್ದು ಬಂತು. ಆಮೇಲೆ ಒರೆಸುವ ಬಟ್ಟೆಗಾಗಿ ಸುತ್ತ ಹುಡುಕಿದಳು. ಬಟ್ಟೆ ಆಗಲೇ ನನ್ನ ಕೈಯಲ್ಲಿತ್ತು.

ಹೇಳಿಕಳಿಸಿದ್ದವರು ಬಂದರು. ಅವ್ವನನ್ನು ಮಲಗಿಸಿ ಚಹಾ ನಾನೇ ಕೊಟ್ಟೆ. ಲೋಟ ಕೈಗೆ ತೆಗೆದುಕೊಂಡ ಹಿರಿಯರೊಬ್ಬರು ಅದರೊಳಗೆ ನೋಡಿ ನಕ್ಕರು.

‘ಇದೇನ್ರಿ ಅಯ್ಯನೋರೇ, ಚಹಾ ಕರ್ರಗೆ ಐತೆ? ಹಾಲು ಎಲ್ಲಿ ಹೋಯ್ತು?’

ಎಲ್ಲರೂ ಅಪ್ಪನ ಮುಖ ನೋಡಿದರು. ಅಪ್ಪನ ಹತ್ತಿರ ಆ ಗಳಿಗೆಯಲ್ಲಿ ಇದ್ದದ್ದು ಅವನ ಆಯುಷ್ಯದ ಅತ್ಯುತ್ತಮ ಕಥೆ, ನಾಲ್ಕೂ ಊರುಗಳಲ್ಲಿ ಎರಡು ಗೀಟು ಬೀಳುವಂಥದು. ಅವನು ಒಳಕೋಣೆಯ ಬಾಗಿಲ ಕಡೆ ಒಮ್ಮೆ ನೋಡಿದ.

‘ಕುಡೀರಿ’ ಎಂದ. ‘ಆರೋಗ್ತೈತೆ.’